ಹೆಸರು ಕೆತ್ತಿ ಬಣ್ಣ ತುಂಬಿದ ಗಾಜಿನ ಬೇಕಿಂಗ್ ಡಿಶ್ ಕೊಳ್ಳುವ ಮುಂಚೆ ಇದನ್ನು ಓದಿ

ಗೃಹಪ್ರವೇಶ, ಮದುವೆ, ವಾರ್ಷಿಕೋತ್ಸವ ಅಂತ ಬಂದಾಗ ಈಗ ಒಂದು ಉಡುಗೊರೆ ಜೋರಾಗಿ ಓಡುತ್ತಿದೆ. ಗಾಜಿನ ಬೇಕಿಂಗ್ ಡಿಶ್ ಮೇಲೆ ಮನೆಯವರ ಹೆಸರು ಕೆತ್ತಿ, ಸುತ್ತ ಹೂಬಳ್ಳಿ ಬಿಡಿಸಿ, ಬಣ್ಣ ತುಂಬಿ ಕೊಡುತ್ತಾರೆ. ನೋಡೋಕೆ ಚೆಂದವಾಗಿಯೇ ಇರುತ್ತದೆ. ಆದರೆ ಆ ಬಣ್ಣ ಓವನ್ ಶಾಖಕ್ಕೆ ಏನೂ ಆಗಲ್ಲ ಅಂತ ಹೇಳಿದರೆ ನಂಬಬೇಡಿ. ಬಣ್ಣ ಡಿಶ್ಶಿನ ಒಳಗಡೆ ಇದ್ದರಂತೂ ಅದರಲ್ಲಿ ಏನನ್ನೂ ಬೇಯಿಸಬೇಡಿ.

ತುಮಕೂರಿನಲ್ಲಿ ಅಕ್ಕ-ಭಾವ ಮನೆ ಕಟ್ಟಿಸಿದರು. ಅಕ್ಕನಿಗೆ ಬೇಕಿಂಗ್ ಅಂದರೆ ಪ್ರಾಣ. ಅದಕ್ಕೇ ಎರಡು ಲೀಟರಿನ ಚೌಕದ ಡಿಶ್ ಒಂದನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ತಳದಲ್ಲಿ ಇಬ್ಬರ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಕೆಂಪು ದಾಸವಾಳ, ಹಸಿರು ಎಲೆ. ದುಡ್ಡು ಕಳಿಸುವ ಮುಂಚೆ ವಾಟ್ಸಾಪಿನಲ್ಲಿ ಬಿಡಿಸಿ ಬಿಡಿಸಿ ಕೇಳಿದ್ದೆ. ಓವನ್ ಒಳಗೆ ಇಡಬಹುದಾ? ಬಣ್ಣ ಬಿಡುತ್ತದಾ? ತಿನ್ನುವ ಪದಾರ್ಥ ತಾಗಿದರೆ ತೊಂದರೆ ಇಲ್ವಾ? "ಫುಲ್ ಓವನ್ ಸೇಫ್ ಮೇಡಂ, ಲೈಫ್‌ಟೈಮ್ ಕಲರ್, ಫುಡ್ ಗ್ರೇಡ್" ಅಂತ ಉತ್ತರ ಬಂತು. ಮಾರುವವರ ಹೆಸರು ಇಲ್ಲಿ ಬರೆಯುವುದಿಲ್ಲ. ಇದೇ ಮಾತು ಹೇಳಿ ಮಾರುವವರು ಹತ್ತಾರು ಜನ ಇದ್ದಾರೆ.

ಅಕ್ಕ ಅದರಲ್ಲಿ ಮೊದಲು ಮಾಡಿದ್ದು ರವೆ ಕೇಕ್. ತುಪ್ಪ ಸವರಿ, ಹಿಟ್ಟು ಸುರಿದು, ಓಟಿಜಿಯಲ್ಲಿ (ಕರೆಂಟಿನ ಚಿಕ್ಕ ಓವನ್) 180 ಡಿಗ್ರಿಗೆ ಇಟ್ಟಿದ್ದಾಳೆ. ಸ್ವಲ್ಪ ಹೊತ್ತಿಗೆ ಅಡುಗೆಮನೆ ತುಂಬ ಪೇಂಟ್ ಸುಟ್ಟ ವಾಸನೆ. ಹೊಸ ಮನೆ ಅಲ್ವಾ, ಕಿಟಕಿ ಬಣ್ಣದ್ದು ಇರಬೇಕು ಅಂದುಕೊಂಡಳಂತೆ. ಕೇಕ್ ಆರಿದ ಮೇಲೆ ತಟ್ಟೆಗೆ ಮಗುಚಿದರೆ ಅದರ ತಳಕ್ಕೆ ದಾಸವಾಳದ ಅರ್ಧ ಎಸಳು ಅಂಟಿಕೊಂಡಿತ್ತು. ಪಕ್ಕದಲ್ಲೇ ಭಾವನ ಹೆಸರು ತಿರುಗುಮುರುಗಾಗಿ, ನಸುಗೆಂಪಾಗಿ ಮೂಡಿತ್ತು. ಡಿಶ್ಶಿನಲ್ಲಿ ಉಳಿದ ಬಣ್ಣವನ್ನು ಉಗುರಿನಿಂದ ಕೆರೆದರೆ ತೆಳು ಪದರ ಸುರುಳಿ ಸುತ್ತಿಕೊಂಡು ಎದ್ದು ಬಂತು. "ಏನೇ ಇದು, ಕೇಕಿಗೆಲ್ಲ ಬಣ್ಣ ಹತ್ತಿದೆ ಕಣೇ" ಅಂತ ಅಕ್ಕ ಫೋನ್ ಮಾಡಿದಳು. ಮಗ ತಟ್ಟೆ ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದನಂತೆ. ಪುಣ್ಯಕ್ಕೆ ಮಗುಚಿದ್ದರಿಂದ ಕಣ್ಣಿಗೆ ಬಿತ್ತು. ಡಿಶ್ಶಿನಲ್ಲೇ ಕತ್ತರಿಸಿ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಾರಿದವರಿಗೆ ಫೋಟೋ ಕಳಿಸಿದೆ. ಮೊದಲು ಬಿಸಿ ಜಾಸ್ತಿ ಇಟ್ಟಿದ್ದೀರಿ ಅಂದರು. 180 ಡಿಗ್ರಿ ಅಂದೆ, ಕೇಕಿಗೆ ಎಲ್ಲರೂ ಇಡುವುದು ಅಷ್ಟೇ. ಸ್ಕ್ರಬ್ಬರ್ ಹಾಕಿ ತಿಕ್ಕಿರಬೇಕು ಅಂದರು. ಅದು ಮೊದಲ ಬಳಕೆ. ಕೊನೆಗೆ "ಇದು ಡೆಕೋರೇಟಿವ್ ಪರ್ಪಸ್ ಮೇಡಂ" ಅಂದರು. ಓವನ್ ಸೇಫ್ ಅಂತ ಅವರೇ ಬರೆದಿದ್ದ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದ ಮೇಲೆ ಉತ್ತರವೇ ಇಲ್ಲ.

ನನಗೆ ಪರಿಚಯದವರೊಬ್ಬರು ಪ್ರಯೋಗಾಲಯಗಳಿಗೆ ಗಾಜಿನ ಉಪಕರಣ ಊದಿ ಮಾಡಿಕೊಡುತ್ತಾರೆ. ಜೀವನವೆಲ್ಲ ಗಾಜಿನ ಜೊತೆಗೇ ಕಳೆದವರು. ಡಿಶ್ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅವರು ಹೇಳಿದ್ದು ಕೇಳಿದ ಮೇಲೆ ಬಣ್ಣಕ್ಕಿಂತ ಗಾಜಿನ ಬಗ್ಗೆಯೇ ಜಾಸ್ತಿ ಭಯವಾಯಿತು.

ಮೊದಲು ಬಣ್ಣದ ವಿಷಯ. ಎಚಿಂಗ್ ಅಂದರೆ ಎಚಿಂಗ್ ಕ್ರೀಮ್ ಅನ್ನುವ ರಾಸಾಯನಿಕ ಹಚ್ಚಿ ಗಾಜಿನ ಮೇಲ್ಮೈಯನ್ನು ಸ್ವಲ್ಪ ತಿಂದು ಹಾಕುವುದು, ಅಷ್ಟೇ. ಆ ಜಾಗ ಒರಟಾಗಿ ಬೆಳ್ಳಗೆ ಮಂಜು ಮಂಜಾಗಿ ಕಾಣುತ್ತದೆ. ಎಚಿಂಗ್‌ನಿಂದ ಬಣ್ಣ ಬರುವುದಿಲ್ಲ. ಕೆಂಪೋ ಹಸಿರೋ ಕಂಡರೆ ಅದು ಆಮೇಲೆ ಮೇಲಿನಿಂದ ಹಚ್ಚಿದ್ದು. ಸಾಮಾನ್ಯವಾಗಿ ಅಕ್ರಿಲಿಕ್, ಎಪಾಕ್ಸಿ ಅಥವಾ ಕ್ರಾಫ್ಟ್ ಅಂಗಡಿಯಲ್ಲಿ ಸಿಗುವ ಗ್ಲಾಸ್ ಪೇಂಟ್. ಅದರಲ್ಲಿ ಒಳ್ಳೆಯವನ್ನು ಹಚ್ಚಿ, ಒಣಗಿಸಿ, 150-160 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಓವನ್ನಿನಲ್ಲಿ ಇಟ್ಟು ಗಟ್ಟಿ ಮಾಡಬೇಕು. ಲೋಟದ ಹೊರಮೈಗೆ, ದೀಪದ ಬುರುಡೆಗೆ ಇವು ಸರಿ. ಆದರೆ ಕೇಕ್ ಬೇಯುವ ಬಿಸಿ ಈ ಬಣ್ಣ ಗಟ್ಟಿಯಾಗುವ ಬಿಸಿಗಿಂತ ಜಾಸ್ತಿ. ಓಟಿಜಿಯಲ್ಲಿ ಕಾಯಿಲ್ ಹತ್ತಿರದ ಜಾಗ ಇನ್ನೂ ಬಿಸಿ. ಜೊತೆಗೆ ಬಣ್ಣದ ಮೇಲೆ ತುಪ್ಪ, ಸಕ್ಕರೆ, ಹಿಟ್ಟು. ಬಣ್ಣ ಮೆತ್ತಗಾಗಿ ಕೇಕಿಗೆ ಅಂಟಿಕೊಂಡಿದ್ದು ಹೀಗೆ. ಇಂಥ ಬಣ್ಣ ಮಾಡುವವರೇ ತಿನ್ನುವ ಪದಾರ್ಥ ತಾಗುವ ಕಡೆ ಹಚ್ಚಬೇಡಿ ಅಂತ ಬರೆದಿರುತ್ತಾರೆ. ಕೊಳ್ಳುವ ನಮ್ಮ ಕೈಗೆ ಬರುವುದು ಡಿಶ್ ಮಾತ್ರ, ಬಣ್ಣದ ಡಬ್ಬಿ ಅಲ್ಲ. ಹಾಗಾಗಿ ಆ ಮಾತು ನಮ್ಮ ತನಕ ಬರುವುದೇ ಇಲ್ಲ.

ಇನ್ನೊಂದು ವಿಷಯ. ಕೆಂಪು, ಕೇಸರಿ, ಹಳದಿ ಬಣ್ಣಗಳಿಗೆ ಕ್ಯಾಡ್ಮಿಯಂ ಬಳಸುವುದು ಉಂಟು. ಹಳೆಯ ಕಾಲದ ಗಾಜಿನ ಎನಾಮಲ್‌ಗಳಲ್ಲಿ (ಗಾಜಿಗೆ ಸುಟ್ಟು ಕೂರಿಸುವ ಬಣ್ಣ) ಸೀಸ ಇರುತ್ತಿತ್ತು. ಯಾವ ಬಣ್ಣ ಹಾಕಿದ್ದೀರಿ ಅಂತ ಕೇಳಿದಾಗ ಮಾರಿದವರು "ಇಂಪೋರ್ಟೆಡ್ ಕಲರ್" ಅಂತ ಮಾತ್ರ ಹೇಳಿದ್ದರು. ಅದು ಉತ್ತರವೇ ಅಲ್ಲ. ಮಕ್ಕಳು ತಿನ್ನುವ ಪಾತ್ರೆಗೆ ಏನು ಬಳಿದಿದ್ದಾರೆ ಅಂತ ತಿಳಿಯುವ ಹಕ್ಕು ನಮಗೆ ಇದೆ.

ಹಾಗಾದರೆ ಗಾಜಿನ ಮೇಲೆ ಬಣ್ಣ ನಿಲ್ಲುವುದೇ ಇಲ್ವಾ? ನಿಲ್ಲುತ್ತದೆ. ಅದರ ದಾರಿಯೇ ಬೇರೆ. ಗಾಜಿನ ನುಣ್ಣನೆ ಪುಡಿಗೆ ಲೋಹದ ಆಕ್ಸೈಡ್ ಬಣ್ಣ ಬೆರೆಸಿ ಬಳಿದು, 600 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಸುಡಬೇಕು. ಆಗ ಆ ಪುಡಿ ಕರಗಿ ಗಾಜಿನ ಜೊತೆ ಒಂದಾಗುತ್ತದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಬಂದ ಪೈರೆಕ್ಸ್ ಬ್ರ್ಯಾಂಡಿನ ಬಣ್ಣದ ಬಟ್ಟಲುಗಳು, 1958ರಲ್ಲಿ ಬಂದ ಕಾರ್ನಿಂಗ್‌ವೇರ್‌ನ ನೀಲಿ ಹೂವಿನ ಪಾತ್ರೆಗಳು ಇಂಥವು. ಅಲ್ಲಿರುವ ನಮ್ಮವರು ಕೆಲವರು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇವನ್ನು ಹುಡುಕಿ ಕೊಳ್ಳುತ್ತಾರೆ. ಸಿಕ್ಕರೆ ಗಮನಿಸಿ ನೋಡಿ, ಬಣ್ಣ ಹೊರಮೈಗೆ ಮಾತ್ರ. ಒಳಗೆ ಬರೀ ಬಿಳಿ. ಕಾರ್ಖಾನೆಯಲ್ಲಿ ಸುಟ್ಟ ಆ ಬಣ್ಣವೇ ಡಿಶ್‌ವಾಷರಿನಲ್ಲಿ ವರ್ಷಗಟ್ಟಲೆ ತೊಳೆದರೆ ಮಾಸುತ್ತದೆ. ಹೀಗಿರುವಾಗ ಬ್ರಶ್ಶಿನಿಂದ ಹಚ್ಚಿದ್ದು ಜೀವಮಾನ ಬರುವುದು ಹೇಗೆ?

ಈಗ ಗಾಜಿನ ವಿಷಯಕ್ಕೆ ಬರುತ್ತೇನೆ. ಆ ಗಾಜು ಊದುವವರು ಭೂತಗನ್ನಡಿ ಹಿಡಿದು ಅಕ್ಕನ ಹೆಸರಿನ ಒತ್ತಕ್ಷರವನ್ನು ತೋರಿಸಿದರು. ಬರಿಗಣ್ಣಿಗೆ ಅದು ನಯವಾದ ಬಿಳಿ ಗೆರೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯ ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಚಿಪ್ಪು ಎದ್ದಿತ್ತು. ಒತ್ತು ತಿರುಗುವ ಮೂಲೆಯಿಂದ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು ಹೊರಟು ಗಾಜಿನೊಳಗೆ ಹೋಗಿತ್ತು. "ಇದು ಬರೀ ಕ್ರೀಮ್ ಕೆಲಸ ಅಲ್ಲಮ್ಮ. ಕ್ರೀಮ್ ಸರಿಯಾಗಿ ಹಿಡಿದಿಲ್ಲ, ಮೇಲಿಂದ ಡ್ರಿಲ್ಲಿಗೆ ಡೈಮಂಡ್ ಬಿಟ್ ಹಾಕಿ ಕೆರೆದಿದ್ದಾರೆ. ಇದನ್ನ ಇನ್ನು ಬಿಸಿಗೆ ಇಡಬೇಡಿ" ಅಂದರು.

ಓವನ್ನಿಗೆ ಇಡುವ ಗಾಜಿನ ಪಾತ್ರೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬೋರೋಸಿಲಿಕೇಟ್. ಇದನ್ನು 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಓಟೋ ಷಾಟ್ ರೂಪಿಸಿದರು. 1915ರಲ್ಲಿ ಕಾರ್ನಿಂಗ್ ಕಂಪನಿ ಇಂಥ ಗಾಜಿನಲ್ಲೇ ಪೈರೆಕ್ಸ್ ಅಡುಗೆ ಪಾತ್ರೆ ತಂದಿತು. ಬಿಸಿಯಾದಾಗ ಇದು ತೀರಾ ಕಮ್ಮಿ ಹಿಗ್ಗುತ್ತದೆ, ಸಾಮಾನ್ಯ ಸೋಡಾ-ಲೈಮ್ ಗಾಜು ಹಿಗ್ಗುವುದರಲ್ಲಿ ಸುಮಾರು ಮೂರನೇ ಒಂದು ಪಾಲು. ಎರಡನೆಯದು ಟೆಂಪರ್ ಮಾಡಿದ ಸೋಡಾ-ಲೈಮ್ ಗಾಜು. ಅಮೆರಿಕದಲ್ಲಿ ಈಗ ಮಾರುವ ಪೈರೆಕ್ಸ್ ಡಿಶ್‌ಗಳು ಈ ಜಾತಿಯವು. ಸಂಬಂಧಿಕರು ಅಲ್ಲಿಂದ ತಂದುಕೊಟ್ಟಿದ್ದನ್ನು ಹೆಸರು ಕೆತ್ತಿಸಲು ಕೊಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಟೆಂಪರ್ ಗಾಜಿನ ಶಕ್ತಿ ಇರುವುದು ಅದರ ಮೇಲ್ಪದರದಲ್ಲಿ. ಗಾಜನ್ನು ಚೆನ್ನಾಗಿ ಕಾಯಿಸಿ ಫಕ್ಕನೆ ತಣ್ಣಗೆ ಮಾಡಿದಾಗ ಹೊರಪದರ ಒತ್ತಿ ಹಿಡಿದಂತೆ ಬಿಗಿಯುತ್ತದೆ, ಒಳಗಿನ ಗಾಜು ಎಳೆತದಲ್ಲಿ ಇರುತ್ತದೆ. ಹೊರಪದರ ದಾಟಿ ಗೀರು ಒಳಗೆ ಇಳಿದರೆ ಆ ಎಳೆತ ಬಿಚ್ಚಿಕೊಂಡು ಇಡೀ ಪಾತ್ರೆ ಒಂದೇ ಸಲಕ್ಕೆ ಚೂರು ಚೂರಾಗಬಹುದು. ಅದು ಓವನ್ ಒಳಗೇ ಆಗಬೇಕು ಅಂತೇನಿಲ್ಲ, ಬಿಸಿ ಡಿಶ್ ಕೈಯಲ್ಲಿ ಹಿಡಿದಾಗಲೂ ಆಗಬಹುದು. ಬೋರೋಸಿಲಿಕೇಟ್ ಹಾಗೆ ಸಿಡಿಯುವುದು ಕಮ್ಮಿ. ಆದರೂ ಆಳವಾದ ಗೀರು ಎಲ್ಲಿದೆಯೋ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಕೆತ್ತಿದ ಮೇಲೆ ಕುಲುಮೆಯಲ್ಲಿ ಬಣ್ಣ ಸುಟ್ಟುಕೊಡುತ್ತೇವೆ ಅಂತ ಹೇಳುವವರೂ ಇದ್ದಾರೆ. ಟೆಂಪರ್ ಗಾಜನ್ನು ಆ ಬಿಸಿಗೆ ಇಟ್ಟರೆ ಟೆಂಪರೇ ಹೋಗುತ್ತದೆ. ಬೋರೋಸಿಲಿಕೇಟ್ ಮೇಲೆ ಮಾಮೂಲಿ ಗಾಜಿನ ಬಣ್ಣ ಸುಟ್ಟರೆ ಎರಡರ ಹಿಗ್ಗುವಿಕೆ ಹೊಂದುವುದಿಲ್ಲ, ಬಣ್ಣ ಬಿರಿದು ಉದುರುತ್ತದೆ. ಕಾರ್ಖಾನೆಯಲ್ಲಾದರೆ ಬಣ್ಣ ಸುಡುವುದನ್ನೂ ಟೆಂಪರ್ ಮಾಡುವುದನ್ನೂ ಒಟ್ಟಿಗೇ ಮಾಡುತ್ತಾರೆ. ಮನೆಯಲ್ಲಿ, ಚಿಕ್ಕ ಅಂಗಡಿಯಲ್ಲಿ ಅದು ಆಗುವ ಮಾತಲ್ಲ.

ನಿಮ್ಮ ಡಿಶ್ ಟೆಂಪರ್ ಮಾಡಿದ್ದಾ ಅಂತ ಮನೆಯಲ್ಲೇ ನೋಡುವ ಒಂದು ದಾರಿ ಅವರು ತೋರಿಸಿದರು. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಪುಟ ತೆರೆಯಿರಿ. ಅದರ ಮುಂದೆ ಡಿಶ್ ಹಿಡಿಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಪರದೆ ಕಪ್ಪಾಗುವ ತನಕ ತಲೆ ಓರೆ ಮಾಡಿ ನೋಡಿ. ಡಿಶ್ಶಿನ ಅಂಚಿನಲ್ಲಿ, ಮೂಲೆಗಳಲ್ಲಿ ಬಣ್ಣಬಣ್ಣದ ಪಟ್ಟೆ ಎದ್ದು ಕಂಡರೆ ಅದು ಟೆಂಪರ್ ಗಾಜು. ಅಕ್ಕನ ಡಿಶ್ಶಿನಲ್ಲಿ ಮೂಲೆ ಮೂಲೆಗೂ ಪಟ್ಟೆ ಎದ್ದು ಕಂಡಿತು. ಅಂಥದ್ದರ ಮೇಲೆ ಡ್ರಿಲ್ ಆಡಿಸಿದ್ದರು. ನೆನೆಸಿಕೊಂಡರೆ ಈಗಲೂ ಕೋಪ ಬರುತ್ತದೆ.

ಇದೆಲ್ಲ ಯಾಕೆ, ನಾವೇ ಮಾಡಿಕೊಳ್ಳೋಣ ಅಂತ ಎಚಿಂಗ್ ಕ್ರೀಮ್ ತರಿಸುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡ್ ಥರದ ಫ್ಲೋರೈಡ್ ಲವಣ. ತೇವ ತಾಗಿದಾಗ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಗಾಜನ್ನೇ ತಿನ್ನುವ ವಸ್ತು ಅದು. ನಮ್ಮ ಅಪಾರ್ಟ್‌ಮೆಂಟಿನ ಒಂದು ಹುಡುಗಿ ಲೇಬಲ್ ಇಲ್ಲದ ಡಬ್ಬಿಯಲ್ಲಿ ಬಂದ ಕ್ರೀಮನ್ನು ಕೈಗವಸು ಇಲ್ಲದೆ ಹಚ್ಚಿದ್ದಳು. ಡಬ್ಬಿಯ ಮೇಲೆ ಒಂದೇ ಒಂದು ಎಚ್ಚರಿಕೆ ಮಾತು ಇರಲಿಲ್ಲ. ಆಗ ಏನೂ ಅನ್ನಿಸಿಲ್ಲ, ಉರಿಯೂ ಇಲ್ಲ. ರಾತ್ರಿ ಉಗುರಿನ ಕೆಳಗೆ ಸಿಡಿತ ಶುರುವಾಗಿ ನಿದ್ದೆಯೇ ಇಲ್ಲ. ಇದರ ಗುಣವೇ ಹಾಗೆ. ಕ್ರೀಮಿನಲ್ಲಿ ಫ್ಲೋರೈಡ್ ಪ್ರಮಾಣ ಕಮ್ಮಿ ಇದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಫ್ಲೋರೈಡ್ ಚರ್ಮದ ಒಳಗೆ ಇಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತಿರುತ್ತದೆ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿದ ಮೇಲೆ ಅವಳಿಗೆ ಆರಾಮಾಯಿತು. ಕೈಗೆ ತಾಗಿದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು ತುಂಬಾ ಹೊತ್ತು ತೊಳೆಯಿರಿ. ನೋವು ಬರಲಿ ಬಿಡಲಿ, ಡಾಕ್ಟರ ಹತ್ತಿರ ಹೋಗಿ. "ಫ್ಲೋರೈಡ್ ಇರುವ ಕ್ರೀಮ್" ಅಂತ ಬಾಯಿಬಿಟ್ಟು ಹೇಳಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಸುಮ್ನೆ ಆಸಿಡ್ ತಾಗಿದೆ ಅಂದರೆ ಸರಿಯಾದ ಔಷಧಿ ಬೇಗ ಸಿಗದೇ ಹೋಗಬಹುದು. ಮಕ್ಕಳಿರುವ ಮನೆಗೆ ಆ ಡಬ್ಬಿಯೇ ಬೇಡ ಅಂತ ನಾನು ಹೇಳುತ್ತೇನೆ.

ಕೆತ್ತಿದ ಡಿಶ್ ಬೇಕೇ ಬೇಕು ಅಂದರೆ ಬಣ್ಣ ಬಿಟ್ಟು ಬರೀ ಬಿಳಿ ಎಚಿಂಗ್ ಸಾಕು ಅನ್ನಿ. ಅದು ತಳದ ಹೊರಮೈಗೆ ಇರಲಿ. ಒಳಗಿನಿಂದ ನೋಡಿದಾಗ ಸರಿಯಾಗಿ ಓದಲು ಬರಬೇಕಾದರೆ ಅಕ್ಷರಗಳನ್ನು ಹೊರಗಡೆ ಉಲ್ಟಾ ಕೆತ್ತಬೇಕು, ಕೆಲಸ ಗೊತ್ತಿರುವವರು ಕೇಳದೆಯೇ ಹಾಗೆ ಮಾಡುತ್ತಾರೆ. ಒಳಗೆ ಕೆತ್ತಿದರೆ ಒರಟು ಜಾಗದಲ್ಲಿ ಎಣ್ಣೆ, ಅರಿಶಿನ ಕೂತುಬಿಡುತ್ತದೆ, ಎಷ್ಟು ತೊಳೆದರೂ ಹೋಗಲ್ಲ. ಡ್ರಿಲ್, ಮರಳು ಸಿಡಿಸುವ ಯಂತ್ರ ಬಳಸುತ್ತೀರಾ ಅಂತ ಕೇಳಿ. ಹೌದು ಅಂದರೆ ಓವನ್ನಿಗೆ ಇಡುವ ಡಿಶ್ ಅವರ ಕೈಗೆ ಕೊಡಬೇಡಿ. ಬಣ್ಣವೇ ಆಸೆ ಅಂದರೆ ಗಾಜಿನ ಡಿಶ್ಶಿಗೆ ಹೊಂದುವ ಮರದ ಟ್ರೇ ಮಾಡಿಸಿ, ಹೆಸರು, ಹೂವು ಎಲ್ಲ ಅದರ ಮೇಲೆ ಬರಲಿ. ಅಕ್ಕನಿಗೆ ಆಮೇಲೆ ನಾನು ಕೊಟ್ಟಿದ್ದು ಅದನ್ನೇ.

ಈಗಾಗಲೇ ಮೋಸ ಹೋಗಿದ್ದರೆ ಡಿಶ್ ತೊಳೆಯಬೇಡಿ, ಬಿಸಾಡಬೇಡಿ. ಬಣ್ಣ ಎದ್ದ ಜಾಗದ ಫೋಟೋ, ಮಾರುವವರು ಬರೆದ ಮೆಸೇಜ್, ಹಣ ಕಟ್ಟಿದ ಯುಪಿಐ ದಾಖಲೆ ಎಲ್ಲ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ನಮ್ಮ ದುಡ್ಡು ವಾಪಸ್ ಬಂದಿದ್ದು ಅಲ್ಲಿ ದೂರು ಕೊಟ್ಟ ಮೇಲೆಯೇ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಂಡ ಬೆಲೆ ಐದು ಲಕ್ಷದೊಳಗೆ ಇದ್ದರೆ ಅಲ್ಲಿ ಶುಲ್ಕವೇ ಇಲ್ಲ. ನೀವು ಮಾರುವವರ ಊರಿಗೆ ಹೋಗಬೇಕಾಗಿಲ್ಲ, ನಿಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು.