ಪ್ಲಗ್ ಕಿತ್ತ ಮೇಲೂ ತೆರೆದುಕೊಂಡ ಬಾಗಿಲು: ಗ್ಯಾರೇಜ್ ಓಪನರಿನೊಂದಿಗೆ ಐದೂವರೆ ವರ್ಷ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಗೊಂದು ಮುಂಬಾಗಿಲು ಇದೆ ಎಂಬುದು ಪಾರ್ಸೆಲ್ ತರುವವರಿಗೆ ಮಾತ್ರ ನೆನಪಿರುತ್ತದೆ. ನಾವು ಹೋಗಿಬರುವುದು ಗ್ಯಾರೇಜಿನ ಮೂಲಕ. ಚಪ್ಪಲಿ ಬಿಡುವುದು, ಅಕ್ಕಿಯ ಮೂಟೆ ಇಡುವುದು, ದೋಸೆಗೆ ರುಬ್ಬುವುದು ಅಲ್ಲಿಯೇ. ಅಮ್ಮ ಮೈಸೂರಿನಿಂದ ಬಂದಾಗ ರಂಗೋಲಿ ಇಡುವುದೂ ಆ ಬಾಗಿಲಿನ ಮುಂದೆಯೇ. ಆದ್ದರಿಂದ 2019ರ ಅಕ್ಟೋಬರಿನಲ್ಲಿ ಹಾಕಿಸಿದ ಈ ಓಪನರನ್ನು, ಎಂದರೆ ಗ್ಯಾರೇಜಿನ ಬಾಗಿಲನ್ನು ಎತ್ತಿ ಇಳಿಸುವ ಮೋಟರ್ ಯಂತ್ರವನ್ನು, ದಿನಕ್ಕೆ ಆರೇಳು ಬಾರಿ ಬಳಸಿದ್ದೇವೆ. ಮೋಟರಿನ ಶಕ್ತಿ, ಬಾಗಿಲು ಏರುವ ವೇಗ ಮುಂತಾದುವು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದರಿಂದ ಅವುಗಳ ಬಗ್ಗೆ ನಾನು ಬರೆಯುವುದಿಲ್ಲ.

ಮೊದಲ ಐದು ವರ್ಷ ನಾನು ಈ ಯಂತ್ರವನ್ನು ಹೊಗಳಿದ್ದೇ ಹೊಗಳಿದ್ದು. ಸಂಜೆ ಕೆಲಸದಿಂದ ಬರುವಾಗ ತಿರುವಿನಲ್ಲಿ ರಿಮೋಟ್ ಒತ್ತಿದರೆ, ಕಾರು ಮನೆಯ ಮುಂದಿನ ಇಳಿಜಾರು ಹತ್ತುವಷ್ಟರಲ್ಲಿ ಬಾಗಿಲು ಪೂರ್ತಿ ಮೇಲೇರಿರುತ್ತಿತ್ತು. ಅದರ ದೀಪ ನಾಲ್ಕೂವರೆ ನಿಮಿಷ ಉರಿದು, ತರಕಾರಿಯ ಚೀಲಗಳನ್ನು ಒಳಗೆ ಸಾಗಿಸಿ ಮುಗಿಸುವ ಹೊತ್ತಿಗೆ ತಾನಾಗಿ ಆರುತ್ತಿತ್ತು. ಬಾಗಿಲನ್ನು ಎಳೆಯಲು ಸರಪಳಿಯ ಬದಲು ಬೆಲ್ಟ್ ಇರುವ ಕಾರಣ ಸದ್ದು ಎಷ್ಟು ಕಡಿಮೆಯೆಂದರೆ, ಮೇಲಿನ ಕೋಣೆಯಲ್ಲಿ ಮಲಗಿದ ಅಮ್ಮನಿಗೆ ನಾನು ತಡವಾಗಿ ಬಂದದ್ದು ತಿಳಿಯುತ್ತಲೇ ಇರಲಿಲ್ಲ. ಮುಂದೆ ನಮಗೆ ಮುಳುವಾದದ್ದೂ ಈ ಗುಣವೇ. ಕಳೆದ ಚಳಿಗಾಲದಲ್ಲಿ ಬಾಗಿಲು ನಡುರಾತ್ರಿ ತಾನಾಗಿ ತೆರೆದುಕೊಳ್ಳಲು ಆರಂಭಿಸಿದಾಗ ನಮ್ಮಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನ್ ತರಲೆಂದು ಗ್ಯಾರೇಜಿನ ಫ್ರಿಜ್ಜಿನ ಬಳಿ ಹೋದಾಗ ಎದುರು ಮನೆಯವರ ನಾಯಿ ನಮ್ಮ ಚಪ್ಪಲಿಗಳ ನಡುವೆ ಮಲಗಿತ್ತು.

ನನ್ನ ಮೊದಲ ಅನುಮಾನ ನೆರೆಯವರ ರಿಮೋಟಿನ ಮೇಲೆ ಹೋಯಿತು. ಹಳೆಯ ಯಂತ್ರಗಳಲ್ಲಿ ಅದು ನಿಜವಾಗಿಯೂ ನಡೆಯುತ್ತಿತ್ತು: ಎಂಟು ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಸಂಕೇತ ಹೊಂದಿಸುತ್ತಿದ್ದುದರಿಂದ ಒಟ್ಟು 256 ಸಂಕೇತಗಳಷ್ಟೇ ಸಾಧ್ಯವಿದ್ದವು, ಒಂದೇ ಬೀದಿಯಲ್ಲಿ ಎರಡು ಮನೆಗಳಿಗೆ ಒಂದೇ ಸಂಕೇತ ಬರಬಹುದಿತ್ತು. 1990ರ ದಶಕದ ನಡುವಿನಿಂದ ಬಂದ ಯಂತ್ರಗಳಲ್ಲಿ ಪ್ರತಿ ಬಾರಿ ಒತ್ತಿದಾಗಲೂ ಸಂಕೇತ ಬದಲಾಗುವುದರಿಂದ ಈಗ ಆ ಭಯ ಬಹುಮಟ್ಟಿಗೆ ಇಲ್ಲ. ಸಹೋದ್ಯೋಗಿಯೊಬ್ಬರು ಸೈನ್ಯದ ರೇಡಿಯೋ ಕಾರಣವಿರಬಹುದು ಎಂದರು. 2004–05ರ ಸುಮಾರಿಗೆ ಸೇನಾ ನೆಲೆಗಳ ಹೊಸ ರೇಡಿಯೋಗಳು 390 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡತೊಡಗಿದಾಗ ಸುತ್ತಲಿನ ಮನೆಗಳ ಓಪನರುಗಳಿಗೆ ತೊಂದರೆಯಾದದ್ದು ಹೌದು. ಆದರೆ ಆಗ ರಿಮೋಟುಗಳು ಕೆಲಸ ಮಾಡದೆ ಹೋದವೇ ಹೊರತು ಬಾಗಿಲುಗಳು ತಾವಾಗಿ ತೆರೆದುಕೊಳ್ಳಲಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೊಂದು ಸಂಗತಿ. ಹಿಂದಿನ ವರ್ಷ ಮಾರಿದ ಕಾರಿನ ಕನ್ನಡಿಯ ಬಳಿಯಿದ್ದ ಗುಂಡಿಗೆ ನಮ್ಮ ಗ್ಯಾರೇಜಿನ ಸಂಕೇತವನ್ನು ಕಲಿಸಿದ್ದೆ, ಮಾರುವಾಗ ಅದನ್ನು ಅಳಿಸಲು ಮರೆತಿದ್ದೆ. ಆ ದಿನವೇ ಏಣಿ ಹತ್ತಿ, ಯಂತ್ರದ ಹಿಂಬದಿಯಲ್ಲಿರುವ, ಹೊಸ ರಿಮೋಟುಗಳ ಗುರುತು ಕಲಿಸುವ ಗುಂಡಿಯನ್ನು ಅದರ ಪುಟ್ಟ ದೀಪ ಆರುವವರೆಗೆ ಒತ್ತಿ ಹಿಡಿದು ಎಲ್ಲ ರಿಮೋಟುಗಳನ್ನೂ ಅಳಿಸಿ, ನಮ್ಮ ಎರಡನ್ನು ಮಾತ್ರ ಮತ್ತೆ ಸೇರಿಸಿದೆ. ಅಷ್ಟು ಸಾಲದೆಂದು ಗೋಡೆಯ ಫಲಕದಲ್ಲಿರುವ, ರಿಮೋಟುಗಳನ್ನು ನಿಷ್ಕ್ರಿಯಗೊಳಿಸುವ ಲಾಕ್ ಗುಂಡಿಯನ್ನೂ ಒತ್ತಿ ಮಲಗಿದೆ. ಎರಡು ದಿನ ಕಳೆದು, ಮುಂಜಾವದಲ್ಲಿ ಬಾಗಿಲು ಮತ್ತೆ ತೆರೆದುಕೊಂಡಿತು. ತಲೆ ನೆಟ್ಟಗಿದ್ದಿದ್ದರೆ ದೋಷ ರೇಡಿಯೋದಲ್ಲಿ ಇಲ್ಲ ಎಂದು ಅಂದೇ ತೀರ್ಮಾನಿಸಬಹುದಿತ್ತು. ನಾನು ಸಿಟ್ಟಿನಿಂದ ಪ್ಲಗ್ ಕಿತ್ತುಹಾಕಿದೆ.

ಪ್ಲಗ್ ಕಿತ್ತ ರಾತ್ರಿಯೂ ಬಾಗಿಲು ತೆರೆದುಕೊಂಡಿತು. ಅಮ್ಮ ಮಾತನಾಡದೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದರು. ಕಾರಣ ಹೊಳೆಯಲು ನನಗೆ ಅರ್ಧ ದಿನ ಬೇಕಾಯಿತು: ಯಂತ್ರದೊಳಗೆ ಬ್ಯಾಟರಿ ಇದೆ, ಮೂರು ತಿಂಗಳ ಹಿಂದೆ ಅದು ಬೀಪ್ ಬೀಪ್ ಎಂದು ಪ್ರಾಣ ಹಿಂಡಿದಾಗ ಹೊಸದನ್ನು ಹಾಕಿದವನೂ ನಾನೇ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಮಾರುವ, ಅಳವಡಿಸುವ ಎಲ್ಲ ಮನೆಬಳಕೆಯ ಓಪನರುಗಳಿಗೂ ಬ್ಯಾಟರಿ ಕಡ್ಡಾಯ. 2017ರ ಕಾಡ್ಗಿಚ್ಚಿನ ಸಮಯದಲ್ಲಿ ವಿದ್ಯುತ್ತಿಲ್ಲದೆ ಗ್ಯಾರೇಜಿನ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಹಾಕಿಕೊಂಡದ್ದರ ಫಲವಾಗಿ ಬಂದ ಕಾನೂನದು. ಒಳ್ಳೆಯ ಕಾನೂನು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಂತ್ರವನ್ನು ಪೂರ್ತಿ ನಿಲ್ಲಿಸಬೇಕಾದರೆ ಬ್ಯಾಟರಿಯ ತಂತಿಯನ್ನೂ ಬಿಡಿಸಬೇಕು ಎಂಬ ಒಂದು ಸಾಲನ್ನು ಪ್ಲಗ್ಗಿನ ಬಳಿ ಅಂಟಿಸಬಹುದಿತ್ತು.

ದುರಸ್ತಿಯವರಿಗೆ ಫೋನ್ ಮಾಡಿದರೆ, ಬಂದು ನೋಡುವ ಮೊದಲೇ ಸರ್ಕ್ಯೂಟ್ ಬೋರ್ಡ್ ಹೋಗಿದೆ ಎಂದು ಹೇಳಿ ಇನ್ನೂರು ಡಾಲರಿಗೂ ಮಿಗಿಲಾದ ಲೆಕ್ಕ ಕೊಟ್ಟರು. ಹಣ ಬಿಚ್ಚಲು ಮನಸ್ಸಿಲ್ಲದವನ ಬುದ್ಧಿ ಚುರುಕಾಗುತ್ತದೆ. ಓಪನರಿನ ಫೋನ್ ಆ್ಯಪಿನಲ್ಲಿ ದಾಖಲಾಗಿದ್ದ, ಬಾಗಿಲು ತಾನಾಗಿ ತೆರೆದುಕೊಂಡ ಆರು ರಾತ್ರಿಗಳ ಸಮಯವನ್ನು ಗುರುತು ಹಾಕಿಕೊಂಡು ನೋಡಿದಾಗ ಆರೂ ಮಳೆ ಬಂದ ರಾತ್ರಿಗಳಾಗಿದ್ದವು. ಆಮೇಲೆ ಮಾಡಿದ್ದು ಇಷ್ಟೇ: ಗೋಡೆಯ ಗುಂಡಿಯಿಂದ ಬರುವ ಎರಡು ಎಳೆಯ ತಂತಿಯನ್ನು ಯಂತ್ರದ ತುದಿಯಲ್ಲಿ ಬಿಡಿಸಿ, ಮುಂದಿನ ಮಳೆಗೆ ಕಾದೆ. ಮೂರು ಮಳೆ ಬಂದು ಹೋದರೂ ಬಾಗಿಲು ಅಲುಗಲಿಲ್ಲ. ಬೋರ್ಡ್ ಕೆಟ್ಟಿದ್ದರೆ ತಂತಿ ಬಿಡಿಸಿದ ಮೇಲೂ ಅದು ತೆರೆದುಕೊಳ್ಳಬೇಕಿತ್ತು. ಟಾರ್ಚ್ ಹಿಡಿದು ಆ ತಂತಿಯ ದಾರಿಯನ್ನು ಅಂಗುಲ ಅಂಗುಲವಾಗಿ ನೋಡುತ್ತ ಹೋದಾಗ, ಸೂರಿನ ನೀರು ಒಳಗೆ ಜಿನುಗುವ ಮೂಲೆಯಲ್ಲಿ, ಅಳವಡಿಸಿದವರು ಹೊಡೆದ ಸ್ಟೇಪಲ್ ಪಿನ್ನೊಂದು ತಂತಿಯ ಹೊದಿಕೆಯನ್ನು ಕಚ್ಚಿಕೊಂಡು ಕೂತಿತ್ತು. ಒಣಗಿದ್ದಾಗ ನಿರುಪದ್ರವಿ, ಮರ ನೆನೆದು ಉಬ್ಬಿದಾಗ ಎರಡು ಎಳೆಗಳನ್ನೂ ಒಂದಕ್ಕೊಂದು ತಾಗಿಸುತ್ತಿತ್ತು. ಆ ಎಳೆಗಳು ತಾಗುವುದೂ ಗುಂಡಿ ಒತ್ತುವುದೂ ಯಂತ್ರದ ಪಾಲಿಗೆ ಒಂದೇ. ಹೊಸ ತಂತಿಯ ಸುರುಳಿಗೆ ಹದಿನೈದು ಡಾಲರಿಗಿಂತ ಕಡಿಮೆಯಾಯಿತು, ಸೂರನ್ನು ಸರಿಪಡಿಸಲು ಇನ್ನೊಂದು ಭಾನುವಾರ ಹಿಡಿಯಿತು.

ಹೀಗೆ ಮೂರು ವಾರ ಬೈಸಿಕೊಂಡ ಯಂತ್ರ ನಿರಪರಾಧಿಯೆಂದು ಸಾಬೀತಾಯಿತು. ಒಂದು ಅಂಕ ಕೊಡಬೇಕೆಂದಿದ್ದವನು ಈಗ ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಕಡಿತವಾದ ಅಂಕ ಆ್ಯಪಿನದು. ಬಾಗಿಲು ತೆರೆಯಿತು ಎಂದು ನಿಮಿಷ ಸಹಿತ ದಾಖಲಿಸುವ ಅದು, ತೆರೆಸಿದ್ದು ರಿಮೋಟೋ ಗೋಡೆಯ ಗುಂಡಿಯೋ ಎಂಬುದನ್ನು ತಿಳಿಸುವುದಿಲ್ಲ. ಅದೊಂದು ಪದವಿದ್ದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ನೆಲದಿಂದ ಆರು ಅಂಗುಲದೊಳಗೆ ಇರುವ, 1993ರಿಂದ ಬಂದ ಸುರಕ್ಷತಾ ನಿಯಮದ ಸೆನ್ಸರ್ ಕಣ್ಣುಗಳು ಇಂಥ ತೊಂದರೆಯನ್ನು ತಡೆಯುತ್ತವೆ ಎಂದು ಯಾರೂ ನಂಬಬಾರದು: ಮುಚ್ಚುವ ಬಾಗಿಲಿನಡಿ ಏನಾದರೂ ಸಿಕ್ಕಿದರೆ ಅವು ತಡೆಯುತ್ತವೆ, ತೆರೆಯುವ ಬಾಗಿಲಿಗೂ ಅವಕ್ಕೂ ಸಂಬಂಧವಿಲ್ಲ.

ಹೊಸದಾಗಿ ಹಾಕಿಸುವವರು ಸ್ಟೇಪಲ್ ಗನ್ ಹೊರಗೆ ಬಂದ ಹೊತ್ತಿನಲ್ಲಿ ಪಕ್ಕದಲ್ಲಿಯೇ ನಿಂತಿರುವುದು ಒಳ್ಳೆಯದು. ನಾನು ಆಗ ಅವರಿಗೆ ಕಾಫಿ ತರಲು ಒಳಗೆ ಹೋಗಿದ್ದೆ.