ನೇಮ್ ಪ್ರಿಂಟಿಂಗ್ ಪುಗ್ಸಟ್ಟೆ ಅನ್ನೋ ಜೆರ್ಸಿ ಅಂಗಡಿ, ಐದಕ್ಕೆ ಮೂರೂವರೆ ಸ್ಟಾರ್

ಬೆಂಗಳೂರಲ್ಲಿ ಹಲಸೂರಿನ ಹತ್ರ ಗೌತಮಪುರ ಗೊತ್ತಲ್ಲ, ಬೀದಿಲಿ ಫುಟ್ಬಾಲ್ ಆಟಗಾರ ಪೆಲೆ ಪ್ರತಿಮೆ ನಿಲ್ಸಿರೋ ಏರಿಯಾ, ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲೇ ಒಂದು ಗಲ್ಲಿ ಒಳಗಿದೆ ಈ ಅಂಗಡಿ. ಹೆಸ್ರು ಬರೀತಿಲ್ಲ, ಬೈಯೋದೂ ಇದೆ, ಪಾಪ ಓನರ್ ಅಣ್ಣನ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಬಾಲ್ ಆಡೋ ಹುಡುಗ್ರನ್ನ ಕೇಳಿದ್ರೆ ತೋರಿಸ್ತಾರೆ. ಬಾಗಿಲ ಮೇಲೆ ದೊಡ್ಡ ಬೋರ್ಡು, ಜೆರ್ಸಿ ತಗೊಂಡ್ರೆ ನೇಮ್, ನಂಬರ್ ಪ್ರಿಂಟಿಂಗ್ ಫ್ರೀ. ಪುಗ್ಸಟ್ಟೆ ಸಿಕ್ರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನೋ ಜನ ನಾವು, ನಾನೂ ಅದನ್ನ ನೋಡ್ಕೊಂಡೇ ಒಳಗೆ ಹೋಗಿದ್ದು.

ಮೊದ್ಲು ಹೋಗಿದ್ದು 2024ರ ಆಗಸ್ಟಲ್ಲಿ, ಒಂದು ಹಳೇ ಜೆರ್ಸಿ ರಿಪೇರಿಗೆ. 2019ರ ಮಾರ್ಚ್ 17 ನೆನಪಿದ್ಯಾ, ಮುಂಬೈಲಿ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್ ಫೈನಲ್, ಗೋವಾ ಮೇಲೆ 117ನೇ ನಿಮಿಷದಲ್ಲಿ ಕಾರ್ನರ್ ಬಾಲಿಗೆ ರಾಹುಲ್ ಭೇಕೆ ತಲೆ ಕೊಟ್ಟು ನಮ್ಮ ಬಿಎಫ್‌ಸಿಗೆ, ಅಂದ್ರೆ ಬೆಂಗಳೂರು ಎಫ್‌ಸಿಗೆ, ಕಪ್ ತಂದಿದ್ದು. ಆ ವಾರವೇ ಬೆನ್ನ ಮೇಲೆ ಭೇಕೆ ಅಂತ ಹಾಕಿಸ್ಕೊಂಡಿದ್ದೆ. 2021ರಲ್ಲಿ ಆಸಾಮಿ ಮುಂಬೈ ಸಿಟಿ ಕ್ಲಬ್‌ಗೆ ಹೋದ, ಜೆರ್ಸಿ ಬೀರುವಿನ ಕೆಳಗಿನ ಖಾನೆಗೆ ಹೋಯ್ತು, ಒಂದ್ಸಲ ಅಮ್ಮ ಸ್ಕೂಟರ್ ಒರೆಸೋ ಬಟ್ಟೆ ಮಾಡೋಕೆ ತೆಗೆದಿದ್ರು, ಕೈಯಿಂದ ಕಿತ್ಕೊಂಡಿದ್ದೆ. ಇನ್ನೇನು ಅದನ್ನ ಮತ್ತೆ ಹಾಕೋ ಕಾಲ ಬರಲ್ಲ ಅಂದ್ಕೊಂಡಿರೋವಾಗ 2024ರ ಬೇಸಿಗೇಲಿ ಭೇಕೆ ವಾಪಸ್! ಅದೂ ಒಬ್ನೇ ಬರ್ಲಿಲ್ಲ, ಮುಂಬೈ ಸಿಟಿಯಿಂದಲೇ ಆಲ್ಬರ್ಟೊ ನೊಗೆರಾ, ಹೋರ್ಹೆ ಪೆರೇರಾ ಡಯಾಜ್ ಇಬ್ರೂ ಬಂದ್ರು, ಮೂರೂ ಜನ ಫ್ರೀ ಏಜೆಂಟ್, ಅಂದ್ರೆ ಅಲ್ಲಿ ಕಾಂಟ್ರಾಕ್ಟ್ ಮುಗ್ದಿತ್ತು, ಮುಂಬೈಗೆ ಟ್ರಾನ್ಸ್‌ಫರ್ ಫೀ ಅಂತ ನಯಾಪೈಸೆ ಕೊಡೋ ಹಂಗಿಲ್ಲ. ಮೇಲಿಂದ ಸ್ಪೇನಿನ ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ ಬೇರೆ. ಹಿಂದಿನ ಸೀಸನ್ನಲ್ಲಿ 12 ಟೀಮಲ್ಲಿ 10ನೇ ಜಾಗ ಬಂದಿತ್ತಲ್ಲ, ಆ ಅವಮಾನಕ್ಕೆ ಮ್ಯಾನೇಜ್ಮೆಂಟ್ ದೀಪಾವಳಿ ಶಾಪಿಂಗ್ ಥರ ಚೀಲ ತುಂಬ್ಕೊಂಡು ಬಂದಿತ್ತು.

ಸರಿ ಅಂಗಡಿ ವಿಷ್ಯಕ್ಕೆ ಬರ್ತೀನಿ. ಹತ್ತಡಿ ಅಗಲ ಇರಬಹುದು. ಒಂದ್ಕಡೆ ಹ್ಯಾಂಗರಲ್ಲಿ ಜೆರ್ಸಿ, ಇನ್ನೊಂದ್ಕಡೆ ಹೀಟ್ ಪ್ರೆಸ್ ಮೆಷಿನ್, ಅದರ ಪಕ್ಕ ವಿನೈಲ್ ಕಟ್ ಮಾಡೋ ಪ್ಲಾಟರ್. ಕೆಲಸದ ಹುಡುಗ ಕಂಪ್ಯೂಟರಲ್ಲಿ ಹೆಸ್ರು ಟೈಪ್ ಮಾಡ್ತಾನೆ, ಮೆಷಿನ್ ವಿನೈಲ್ ಶೀಟ್ ಮೇಲೆ ಗೀರ್ಕೊಂಡು ಹೋಗತ್ತೆ, ಆಮೇಲೆ ಅವನು ಸೂಜಿ ಥರದ್ದೊಂದು ಹಿಡ್ಕೊಂಡು ಬೇಡದೇ ಇರೋ ವಿನೈಲ್ ಎಲ್ಲಾ ಒಂದೊಂದಾಗಿ ಎತ್ತಿ ಬಿಸಾಕ್ತಾನೆ. ಹಲಸಿನ ತೊಳೆ ಬಿಡಿಸೋ ಅಷ್ಟು ತಾಳ್ಮೆ ಬೇಕು ಅದಕ್ಕೆ. ಉಳಿದ ಅಕ್ಷರ ಬೆನ್ನ ಮೇಲಿಟ್ಟು ಪ್ರೆಸ್ ಮುಚ್ಚಿ ಹದಿನೈದು ಸೆಕೆಂಡ್ ಒತ್ತಿದ್ರೆ ಮುಗೀತು, ಮೇಲಿನ ಪ್ಲಾಸ್ಟಿಕ್ ಹಾಳೆ ಸರ್ ಅಂತ ಎಳೆಯೋವಾಗ ಬರೋ ಸೌಂಡಿದ್ಯಲ್ಲ, ಅದಕ್ಕೇ ಒಂದು ಸ್ಟಾರ್ ಎಕ್ಸ್‌ಟ್ರಾ. ನನ್ನ ಭೇಕೆ ಜೆರ್ಸಿಲಿ ಹಳೇ ಅಕ್ಷರ ಎಲ್ಲಾ ಒಡ್ದು ಹಪ್ಪಳ ಆಗಿತ್ತು, ಬಿಸಿ ಮಾಡಿ ಕಿತ್ತಾಕಿದ. ಹೆಸ್ರು ಹೋದ್ರೂ ಬಟ್ಟೆ ಮೇಲೆ ಅದರ ನೆರಳು ಹಂಗೇ ಉಳ್ದಿತ್ತು, ಸುತ್ತಲ ನೀಲಿ ಬಣ್ಣ ಮಾಸಿ ಅಕ್ಷರದ ಕೆಳಗಿನ ನೀಲಿ ಮಾತ್ರ ಹೊಸದರ ಥರ. ಹೊಸ ಅಕ್ಷರಾನ ಅದರ ಮೇಲೇ ಕರೆಕ್ಟಾಗಿ ಕೂರಿಸಿದ, ಒಂದು ಎಳೆ ಆಚೀಚೆ ಇಲ್ಲ. ಈ ಕೆಲಸಕ್ಕೆ ಫುಲ್ ಮಾರ್ಕ್ಸ್.

ನಮ್ಮ ಜೆರ್ಸಿ ತಗೊಂಡು ಹೋದ್ರೆ ಇಂಗ್ಲಿಷ್ ಅಕ್ಷರಕ್ಕೆ 20 ರೂಪಾಯಿ, ಭೇಕೆ ಐದು ಅಕ್ಷರ ನೂರು ರೂಪಾಯಿ, ಬಡವರ ಬಂಧು. ಅಕ್ಕನ ಮಗನೂ ಜೊತೇಲಿದ್ದ, ಅವನಿಗೆ ಹೊಸ ಜೆರ್ಸಿ ಬೇಕು, ಡಯಾಜ್ ಅಂತ ಹಾಕ್ಬೇಕು. ಅದಕ್ಕೆ ಫ್ರೀ ಪ್ರಿಂಟಿಂಗ್ ಆಫರ್ ಬರತ್ತಲ್ಲ, ಖುಷಿಯಾಗಿ 600 ಕೊಟ್ಟೆ. ಹೊರಗೆ ಬಂದು ನಾಲ್ಕು ಅಂಗಡಿ ಆಚೆ ನೋಡಿದ್ರೆ ಅದೇ ಜೆರ್ಸಿ, ಅದೇ ಬಟ್ಟೆ, ಅದೇ ಹೊಲಿಗೆ, 450 ರೂಪಾಯಿ! ವಾಪಸ್ ಹೋಗಿ ಕೇಳ್ದೆ, ಏನಣ್ಣ ಇದು, ಫ್ರೀ ಅಂತ ಬೋರ್ಡ್ ಹಾಕಿದೀಯ. ಅಣ್ಣ ಒಂಚೂರೂ ಮುಜುಗರ ಇಲ್ದೆ ಹೇಳ್ದ, ಬ್ರದರ್, ಡಯಾಜ್ ಫ್ರೀಯಾಗಿ ಬಂದ ಅಂತ ಪೇಪರಲ್ಲಿ ಹಾಕಿಲ್ವಾ, ಅವನೇನು ಸುಮ್ನೆ ಬಂದು ಆಡ್ತಾನಾ?

ಬಾಯಿ ಮುಚ್ಕೊಂಡೆ. ಯಾಕಂದ್ರೆ ಆ ಮಾತು ನೂರಕ್ಕೆ ನೂರು ನಿಜ. ಫ್ರೀ ಏಜೆಂಟ್ ಅಂದ್ರೆ ಹಳೇ ಕ್ಲಬ್‌ಗೆ ದುಡ್ಡು ಕೊಡೋದು ಇರಲ್ಲ ಅಷ್ಟೇ. ಆ ಉಳಿದ ದುಡ್ಡಲ್ಲಿ ಪಾಲು ಆಟಗಾರನೂ ಕೇಳ್ತಾನೆ ಅವನ ಏಜೆಂಟೂ ಕೇಳ್ತಾನೆ, ಸೈನಿಂಗ್ ಬೋನಸ್ಸು, ದಪ್ಪ ಸಂಬಳ, ಕಮಿಷನ್ನು ಅಂತ ಬೇರೆ ಬೇರೆ ಹೆಸರಲ್ಲಿ ಹೋಗತ್ತೆ. ಈ ವ್ಯವಸ್ಥೆ ಬಂದಿದ್ದೇ 1995ರಲ್ಲಿ, ಬೆಲ್ಜಿಯಂನ ಬೋಸ್ಮನ್ ಅನ್ನೋ ಆಟಗಾರ ಕಾಂಟ್ರಾಕ್ಟ್ ಮುಗಿದ್ಮೇಲೂ ಕ್ಲಬ್ ನನ್ನನ್ನ ಬಿಡ್ತಿಲ್ಲ ಅಂತ ಕೋರ್ಟಿಗೆ ಹೋಗಿ ಯುರೋಪಿಯನ್ ಕೋರ್ಟಲ್ಲಿ ಗೆದ್ದ ಮೇಲೆ. ಒಳ್ಳೇದೇ ಆಯ್ತು, ಅದಕ್ಕೆ ಮುಂಚೆ ಆಟಗಾರರು ಒಂಥರ ಜೀತದಲ್ಲೇ ಇದ್ದಂಗೆ. ಆದ್ರೆ ಬಿಲ್ ಮಾತ್ರ ಎಲ್ಲೂ ಹೋಗ್ಲಿಲ್ಲ, ಬೇರೆ ಕೌಂಟರಲ್ಲಿ ಕಟ್ತಾರೆ.

ಇದಕ್ಕೆ ಸಾಕ್ಷಿ ಅದೇ ಅಂಗಡಿ ಮೂಲೇಲಿದೆ. ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿ, ಯಾವ್ದು ತಗೊಂಡ್ರೂ 150, ಅದರಲ್ಲಿ ಕೈ ಹಾಕಿದ್ರೆ ಹತ್ತು ವರ್ಷದ ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಆಟಗಾರರು ಕ್ಲಬ್ ಬದಲಾಯಿಸೋ ಸೀಸನ್ನು, ಎಲ್ಲಾ ಸಿಗತ್ತೆ. ರಿಯಲ್ ಮ್ಯಾಡ್ರಿಡ್ ಹಜಾರ್ಡ್ ಮೂರು ಪೀಸ್. ಅದರ ಕೆಳಗೆ ಪ್ಯಾರಿಸ್ ಕ್ಲಬ್ ಪಿಎಸ್‌ಜಿಯ ರಾಮೋಸ್, ಪಿಎಸ್‌ಜಿ ವೈನಾಲ್ಡಮ್. 2021ರ ಬೇಸಿಗೇಲಿ ಪಿಎಸ್‌ಜಿಯವ್ರು ಮೆಸ್ಸಿ, ರಾಮೋಸ್, ಡೊನ್ನರುಮ್ಮ, ವೈನಾಲ್ಡಮ್ ನಾಲ್ಕೂ ಜನಾನ ಫೀ ಇಲ್ದೆ ಎತ್ತಾಕ್ಕೊಂಡು ಬಂದಿದ್ರಲ್ಲ, ಜಗತ್ತಲ್ಲಿ ಇಂಥ ಶಾಪಿಂಗ್ ಯಾರೂ ಮಾಡಿಲ್ಲ ಅಂತ ಕುಣ್ದಾಡಿದ್ರು, ಮುಂದಿನ ಮಾರ್ಚಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ ಬೆಂಝೆಮಾ ಹ್ಯಾಟ್ರಿಕ್ ತಿಂದು ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗಿಂದ ಗಂಟು ಮೂಟೆ ಕಟ್ಟಿದ್ರು. ಮೆಸ್ಸಿ 30 ನಂಬರ್ ಮಾತ್ರ ಬಿಸಿ ಬೋಂಡ ಥರ ಹೋಯ್ತಂತೆ, ಮಿಕ್ಕಿದ್ದು ಬುಟ್ಟಿಗೆ. ಕೊನೆಗೆ ಎಂಬಾಪೆನೂ 2024ರಲ್ಲಿ ಫ್ರೀಯಾಗಿ ಬಿಟ್ಟು ಹೋದ ಮೇಲೆ, 2025ರಲ್ಲಿ ಇಂಟರ್ ಮಿಲಾನ್ ಮೇಲೆ 5-0 ಹೊಡ್ದು ಅದೇ ಚಾಂಪಿಯನ್ಸ್ ಲೀಗ್ ಕಪ್ ಗೆದ್ರಲ್ಲ, ಅದನ್ನ ನೋಡಿ ನಗ್ಬೇಕೋ ಅಳ್ಬೇಕೋ.

ಈಗ ಬೈಗುಳ. ಅದೇ ದಿನ ನಂಗೂ ಒಂದು ಆಸೆ ಬಂತು, ಇನ್ನೊಂದು ಜೆರ್ಸಿ ಮೇಲೆ ನಮ್ಮ ಬಿಎಫ್‌ಸಿಯ ಸುನಿಲ್ ಚೆಟ್ರಿ ಹೆಸ್ರನ್ನ ಕನ್ನಡದಲ್ಲಿ ಚೆಟ್ರಿ ಅಂತ ಹಾಕಿಸ್ಬೇಕು ಅಂತ. ಲೆಕ್ಕ ಹಾಕ್ದೆ, ಇಂಗ್ಲಿಷಲ್ಲಿ ಏಳು ಅಕ್ಷರ, ನೂರಾ ನಲ್ವತ್ತು ಆಗತ್ತೆ, ಕನ್ನಡದಲ್ಲಿ ಎರಡೇ ಅಕ್ಷರ, ನಲ್ವತ್ತರಲ್ಲಿ ಮುಗೀತು, ಭಾಷೆ ಅಂದ್ರೆ ಇದು! ಅಣ್ಣ ಒಪ್ಪಲಿಲ್ಲ. ಒತ್ತಿಗೆ ಬೇರೆ, ಗುಡಿಸಿಗೆ ಬೇರೆ, ಆ ಲೆಕ್ಕ ಕನ್ನಡಕ್ಕೆ ನಡೆಯಲ್ಲ ಬ್ರದರ್ ಅಂತ ನೂರು ರೂಪಾಯಿ ಕಿತ್ಕೊಂಡ. ಆಯ್ತಪ್ಪ, ಕೊಟ್ಟೆ. ಒಗೆಯೋ ಮುಂಚೆ ಒಂದು ದಿನ ಬಿಡಬೇಕು, ಉಲ್ಟಾ ಮಾಡಿ ತಣ್ಣೀರಲ್ಲಿ ಒಗೀಬೇಕು, ಮೇಲೆ ಇಸ್ತ್ರಿ ಹಾಕ್ಬಾರ್ದು ಅಂದ, ಎಲ್ಲಾ ಚಾಚೂ ತಪ್ಪದೆ ಮಾಡ್ದೆ. ಎರಡನೇ ಒಗೆತಕ್ಕೆ ಟ ಕೆಳಗಿನ ಒತ್ತು ಉದುರಿ ಹೋಯ್ತು. ಬೆನ್ನ ಮೇಲೆ ಚೆಟಿ ಅಂತ ಹಾಕ್ಕೊಂಡು ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕಲ್ಲಿ ನಿಂತಿದೀನಿ, ಹಿಂದಿನಿಂದ ಯಾವನೋ ಹುಡುಗ, ಯಾವ ಚೆಟ್ಟಿಯಾರ್ ಅಂಕಲ್ ಅಂತ ಕೇಳ್ದ. ಇಂಗ್ಲಿಷ್ ಅಕ್ಷರ ದಪ್ಪ ಇರತ್ತೆ ಹಿಡಿಯತ್ತೆ, ನಮ್ಮ ಒತ್ತು ಸಣ್ಣ ಬಾಲ, ಗಮ್ ಸಾಕಾಗಲ್ಲ, ಅದು ಗೊತ್ತಿದ್ರೆ ಮೊದ್ಲೇ ಹೇಳ್ಬೇಕು ತಾನೆ? ಒಂದೂವರೆ ಸ್ಟಾರ್ ಅಲ್ಲೇ ಕಟ್.

ಹೊಸ ಫ್ರೀ ಏಜೆಂಟ್‌ಗಳ ಹೆಸ್ರು ಹಾಕಿಸ್ಬೋದಾ ಅಂತ ಕೇಳೋರಿಗೆ ನನ್ನ ಅನುಭವ ಇಷ್ಟು. 2024ರ ಸೆಪ್ಟೆಂಬರ್ 14, ಮೊದಲ ಮ್ಯಾಚು ಈಸ್ಟ್ ಬೆಂಗಾಲ್ ಮೇಲೆ, ಎಲ್ರೂ ಹೊಸಬ್ರ ಹೆಸ್ರು ಬೆನ್ನಿಗೆ ಅಂಟಿಸ್ಕೊಂಡು ಬಂದಿದ್ವಿ, ಆವತ್ತಿನ ಒಂದೇ ಒಂದು ಗೋಲ್ ಹೊಡ್ದಿದ್ದು ವಿನಿತ್ ವೆಂಕಟೇಶ್, ಕ್ಲಬ್ ಒಳಗೇ ಬೆಳೆದ ಹುಡುಗ, ಅವನ ಹೆಸರಿನ ಜೆರ್ಸಿ ನನ್ನ ಕಣ್ಣಿಗೆ ಒಂದೂ ಬೀಳ್ಲಿಲ್ಲ. ಸೀಸನ್ ಪೂರ್ತಿ ಜಾಸ್ತಿ ಹೊಡ್ದಿದ್ದು ನಲ್ವತ್ತು ವರ್ಷದ ಚೆಟ್ರಿ, 14 ಗೋಲ್. ಹಂಗಂತ ಶಾಪಿಂಗ್ ದಂಡ ಅನ್ನಲ್ಲ ನಾನು. 10ನೇ ಜಾಗದಿಂದ 3ನೇ ಜಾಗಕ್ಕೆ ಬಂದ್ವಿ, ಪ್ಲೇಆಫಲ್ಲಿ ಕಂಠೀರವಕ್ಕೆ ಬಂದಿದ್ದು ಯಾರು ಹೇಳಿ, ಮುಂಬೈ ಸಿಟಿ, ಅವ್ರಿಂದ ಬಂದ ಮೂರೂ ಜನಾನ ಇಟ್ಕೊಂಡು ಅವ್ರಿಗೇ 5-0 ಬಡಿದು ಕಳಿಸಿದ್ವಿ. ಆ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೋ ತನಕ ಕೂಗ್ಕೊಂಡು ಹೋಗಿ ಮೂರು ದಿನ ಗಂಟಲಿಲ್ಲ. ಕೋಲ್ಕತಾ ಫೈನಲಲ್ಲಿ ಮೋಹನ್ ಬಗಾನ್ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ 2-1 ಸೋತಿದ್ದು ಬೇರೆ ಕಥೆ, ಅದರ ಬಗ್ಗೆ ಇನ್ನೂ ಮಾತಾಡೋ ಸ್ಥಿತಿಲಿಲ್ಲ.

ಹೋಗೋರಿಗೆ ಎರಡು ಮಾತು. ಭಾನುವಾರ ಸಂಜೆ ಹೋಗ್ಬೇಡಿ, ಟೂರ್ನಮೆಂಟ್ ಟೀಮ್‌ಗಳು ಹದಿನೈದು ಹದಿನೈದು ಜೆರ್ಸಿ ಹಿಡ್ಕೊಂಡು ಕೂತಿರ್ತಾರೆ. ಹುಡುಗ ಟೈಪ್ ಮಾಡಿದ್ಮೇಲೆ ಕಟ್ಟಿಂಗಿಗೆ ಕಳ್ಸೋ ಮುಂಚೆ ಸ್ಕ್ರೀನ್ ನೋಡಿ, ಚೆಟ್ರಿಗೆ ಇಂಗ್ಲಿಷಲ್ಲಿ ಎಚ್ ಎರಡು ಸಲ ಬರತ್ತೆ, ನನ್ ಮುಂದೇನೇ ಒಬ್ಬನಿಗೆ ಒಂದೇ ಹಾಕಿ ಕೊಟ್ಟಿದ್ರು. ಬರೀ ಜೆರ್ಸಿ ಬೇರೆ ಕಡೆ ತಗೊಂಡು ಪ್ರಿಂಟ್ ಇಲ್ಲಿ ಹಾಕ್ಸಿ, ಉದ್ದ ಹೆಸ್ರಾದ್ರೆ ಮಾತ್ರ ಫ್ರೀ ಆಫರ್ ಲಾಭ.

ಉದ್ದ ಹೆಸ್ರು ಅಂದಾಗ ನೆನಪಾಯ್ತು, ಹೋದ ವರ್ಷ, 2025ರ ಜುಲೈಲಿ ಒತ್ತು ಸರಿ ಮಾಡಿಸೋಕೆ ಹೋದಾಗ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಲಿವರ್‌ಪೂಲಿಂದ ಅಲೆಕ್ಸಾಂಡರ್-ಆರ್ನಾಲ್ಡ್‌ನ ರಿಯಲ್ ಮ್ಯಾಡ್ರಿಡ್ ಎತ್ತಾಕ್ಕೊಂಡು ಹೋಗಿತ್ತು, ಅದೂ ಫ್ರೀಯಾಗಿ ಬರೋನನ್ನ ಕಾಂಟ್ರಾಕ್ಟ್ ಮುಗಿಯೋಕೆ ಒಂದು ತಿಂಗಳು ಮುಂಚೆನೇ ಕ್ಲಬ್ ವರ್ಲ್ಡ್ ಕಪ್‌ಗೆ ಬೇಕು ಅಂತ ಲಿವರ್‌ಪೂಲಿಗೆ ದುಡ್ಡು ಕೊಟ್ಟು. ಅಲ್ಲಿ ಹೋಗಿ ಅವನು ಬೆನ್ನ ಮೇಲೆ ಟ್ರೆಂಟ್ ಅಂತ ಅಷ್ಟೇ ಹಾಕಿಸ್ಕೊಂಡ. ಹದಿನೈದು ಅಕ್ಷರದ ಗಿರಾಕಿ ಐದಕ್ಕಿಳ್ದ ಬ್ರದರ್, ಮುನ್ನೂರು ರೂಪಾಯಿ ಇದ್ದಿದ್ದು ನೂರಾಯ್ತು ಅಂತ ಗೋಳು. ಮಾತಾಡ್ತಾನೇ ಒಂದು ಚೂರು ವಿನೈಲ್ ಕತ್ತರೀಲಿ ಕಟ್ ಮಾಡಿ ಟ ಕೆಳಗೆ ಒತ್ತು ಇಟ್ಟು, ಈ ಸಲ ಎರಡು ಸಲ ಪ್ರೆಸ್ ಹೊಡ್ದ. ಎಷ್ಟಾಯ್ತು ಅಂತ ಫೋನ್ ತೆಗ್ದೆ. ನಿಮ್ಮತ್ರ ಒತ್ತಿಗೆ ದುಡ್ಡು ತಗೋತೀನಾ, ಇದು ಫ್ರೀ ಅಂದ. ಆಮೇಲೆ ಬಾಗಿಲಿಗೆ ಹೋಗಿ ಎದುರುಗಡೆ ಅಂಗಡಿಗೆ ಮೂರು ಟೀ ಹೇಳ್ದ, ದುಡ್ಡು ನನ್ ಕೈಲಿ ಕೊಡಿಸ್ದ.