‘ಪ್ರಾಕ್ಟಿಕಲ್ ಟ್ರಿಕ್ಸ್’ ಕೋರ್ಸ್ ಹೇಳಿಕೊಟ್ಟ ಒಂದು ಸಾಲು ನನ್ನ ಯೂಸರ್‌ಗಳ ಡೇಟಾ ಅಳಿಸಿತು. ದುಡ್ಡು ಕಟ್ಟುವ ಮುಂಚೆ ಓದಿ

ಆಂಡ್ರಾಯ್ಡ್ ಆ್ಯಪ್ ಬರೆಯುವವರು, ಅದರಲ್ಲೂ ಒಬ್ಬರೇ ಕೂತು ಬರೆಯುವವರು, ದಯವಿಟ್ಟು ಇದನ್ನು ಓದಿ. ನಿಮ್ಮ ಕೋಡ್‌ನಲ್ಲಿ ‘ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಶನ್’ ಅನ್ನುವ ಸಾಲು ಇದ್ದರೆ ಮೊದಲು ಮುಂದಿನ ಅಪ್‌ಡೇಟ್ ನಿಲ್ಲಿಸಿ, ಆಮೇಲೆ ಓದಿ.

ಆನ್‌ಲೈನ್ ಕೋರ್ಸ್‌ಗಳನ್ನು ಹೇಗೆ ಮಾರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಒಂದು ಉಚಿತ ಕ್ಲಾಸ್, ಕೊನೆಯಲ್ಲಿ ‘ಇವತ್ತು ರಾತ್ರಿವರೆಗೆ ಮಾತ್ರ’ ರಿಯಾಯಿತಿ, ಸೇರಿದ ಮೇಲೆ ಒಂದು ಗ್ರೂಪ್. ನಾನು ಸೇರಿದ ‘ಪ್ರಾಕ್ಟಿಕಲ್ ಟ್ರಿಕ್ಸ್’ ಕೋರ್ಸೂ ಹಾಗೇ ಇತ್ತು. ಥಿಯರಿ ಇಲ್ಲ, ಸ್ಟೋರ್‌ಗೆ ಬಿಡುವ ಆ್ಯಪ್‌ಗೆ ಬೇಕಾದ ಟೆಕ್ನಿಕ್‌ಗಳು ಮಾತ್ರ ಅಂದಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ. ಸ್ಟೋರ್‌ಗೆ ಬಿಡುವ ಆ್ಯಪ್‌ಗೆ ಅಂದಿದ್ದರು.

ನನ್ನದು ಚಿಕ್ಕ ನೋಟ್ಸ್ ಆ್ಯಪ್. ಡೇಟಾ ಎಲ್ಲ ಫೋನಿನಲ್ಲೇ, ರೂಮ್ (ಫೋನಿನಲ್ಲೇ ಡೇಟಾ ಇಡಲು ಆಂಡ್ರಾಯ್ಡ್‌ನಲ್ಲಿರುವ ಲೈಬ್ರರಿ) ಡೇಟಾಬೇಸ್‌ನಲ್ಲಿ. ಟೇಬಲ್‌ಗೆ ಒಂದು ಕಾಲಂ ಸೇರಿಸಿ ಡೇಟಾಬೇಸ್ ವರ್ಷನ್ 1 ಇದ್ದದ್ದನ್ನು 2 ಮಾಡಿದೆ. ಆ್ಯಪ್ ಕ್ರ್ಯಾಶ್ ಆಯಿತು. 1ರಿಂದ 2ಕ್ಕೆ ಮೈಗ್ರೇಶನ್ (ಹಳೆಯ ಡೇಟಾ ಉಳಿಸಿಕೊಂಡು ಟೇಬಲ್ ಬದಲಿಸುವ ಕೋಡ್) ಬೇಕು, ಸಿಗಲಿಲ್ಲ ಅನ್ನುವ ಎರರ್. ಅದಕ್ಕೆಂದೇ ಕೋರ್ಸ್‌ನಲ್ಲೊಂದು ವಿಡಿಯೊ ಇತ್ತು, ಮೇಲೆ ಹೇಳಿದ ‘ಫಾಲ್‌ಬ್ಯಾಕ್’ ಸಾಲಿನದೇ. “ಈ ಕ್ರ್ಯಾಶ್ ಎಲ್ಲರಿಗೂ ಬರುತ್ತೆ. ಬಿಲ್ಡರ್‌ಗೆ (ಡೇಟಾಬೇಸ್ ತೆರೆಯುವ ಕೋಡ್‌ಗೆ) ಈ ಒಂದು ಸಾಲು ಸೇರಿಸಿ, ಮತ್ತೆ ತಲೆ ಕೆಡಿಸಿಕೊಳ್ಳಬೇಡಿ.” ಸೇರಿಸಿದೆ. ಕ್ರ್ಯಾಶ್ ನಿಂತಿತು. ಪ್ರತಿ ಸಲ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಹೊಸದಾಗಿ ಹಾಕಿ ಟೆಸ್ಟ್ ಮಾಡಿ ಅಂತಲೂ ಅದರಲ್ಲೇ ಹೇಳಿದ್ದರು. ಹಾಗೆ ಟೆಸ್ಟ್ ಮಾಡಿದರೆ ಈ ತೊಂದರೆ ಕಾಣಿಸುವುದೇ ಇಲ್ಲ! ಹೊಸ ಇನ್‌ಸ್ಟಾಲ್‌ನಲ್ಲಿ ಹಳೆಯ ಡೇಟಾಬೇಸೇ ಇರುವುದಿಲ್ಲ ಅಲ್ವಾ.

ಅಪ್‌ಡೇಟ್ ಬಿಟ್ಟೆ. ಮೊದಲ ರಿವ್ಯೂ ಬಂತು: “ನನ್ನ ನೋಟ್ಸ್ ಎಲ್ಲಿ?” ಆಮೇಲೆ ಇನ್ನೊಂದು. ಆಮೇಲೆ ಮೇಲ್‌ಗಳು. ಒಬ್ಬರು ತಮ್ಮ ತಾಯಿಯ ಬಿಪಿ, ಶುಗರ್ ಎಲ್ಲ ಅದರಲ್ಲೇ ಬರೆದಿಡುತ್ತಿದ್ದರಂತೆ. “ಹೇಗಾದರೂ ವಾಪಸ್ ತರಿಸಿಕೊಡಿ” ಅಂತ ಬರೆದಿದ್ದರು. ಏನಂತ ಉತ್ತರ ಕೊಡಲಿ? ಆ ಸಾಲು ಮಾಡುವ ಕೆಲಸವೇ ಅದು. ಮೈಗ್ರೇಶನ್ ಬರೆದಿಲ್ಲ ಅಂದರೆ ರೂಮ್ ಹಳೆಯ ಟೇಬಲ್‌ಗಳನ್ನು ಅಳಿಸಿ, ಖಾಲಿ ಟೇಬಲ್‌ಗಳನ್ನು ಕಟ್ಟುತ್ತದೆ. ಯೂಸರ್‌ಗೆ ಒಂದು ಮಾತೂ ಕೇಳುವುದಿಲ್ಲ. ಹಂತ ಹಂತವಾಗಿ ಹೋಗುತ್ತಿದ್ದ ರೋಲ್‌ಔಟ್ ನಿಲ್ಲಿಸಿದೆ. ಇನ್ನೂ ಅಪ್‌ಡೇಟ್ ಆಗದವರು ಉಳಿದುಕೊಂಡರು, ಅಷ್ಟೇ. ಹೋದವರದ್ದು ಹೋಯಿತು. ಅವರಿಗೆಲ್ಲ ಮುಖ ತೋರಿಸುವುದು ಹೇಗೆ ಅಂತ ಈಗಲೂ ನಾಚಿಕೆಯಾಗುತ್ತದೆ.

ಸರಿಯಾದ ದಾರಿ ಎಷ್ಟು ಚಿಕ್ಕದು ಗೊತ್ತಾ? 1ರಿಂದ 2ಕ್ಕೆ ಒಂದು ಮೈಗ್ರೇಶನ್ ಆಬ್ಜೆಕ್ಟ್. ಅದರೊಳಗೆ ‘ಆಲ್ಟರ್ ಟೇಬಲ್, ಆ್ಯಡ್ ಕಾಲಂ’ ಅನ್ನುವ ಒಂದೇ ಎಸ್‌ಕ್ಯೂಎಲ್ ಸಾಲು. ಕಾಲಂ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲ) ಆಗಿದ್ದರೆ ಒಂದು ಡಿಫಾಲ್ಟ್ ವ್ಯಾಲ್ಯೂ. ಬಿಲ್ಡರ್‌ನಲ್ಲಿ ‘ಆ್ಯಡ್ ಮೈಗ್ರೇಶನ್ಸ್’. ಮುಗಿಯಿತು. ರೂಮ್ 2.4ರಿಂದ ಆಟೋ ಮೈಗ್ರೇಶನ್ ಕೂಡ ಇದೆ. ಪ್ರತಿ ವರ್ಷನ್‌ನ ಸ್ಕೀಮಾ (ಟೇಬಲ್‌ಗಳ ರಚನೆ) ಎಕ್ಸ್‌ಪೋರ್ಟ್ ಮಾಡಿಟ್ಟಿದ್ದರೆ ಇಂಥ ಸರಳ ಬದಲಾವಣೆಯನ್ನು ಅದೇ ನೋಡಿಕೊಳ್ಳುತ್ತದೆ. ಇಷ್ಟನ್ನು ಹೇಳಲು ಆ ವಿಡಿಯೊದಲ್ಲಿ ಜಾಗ ಇರಲಿಲ್ಲವಾ?

ಗ್ರೂಪ್‌ನಲ್ಲಿ ಕೇಳಿದೆ. “ಸರ್, ಈ ಸಾಲು ಹಾಕಿದರೆ ಡೇಟಾ ಹೋಗುತ್ತೆ ಅಂತ ಯಾಕೆ ಹೇಳಲಿಲ್ಲ?”

“ಎರರ್ ಮೆಸೇಜ್‌ನಲ್ಲೇ ಆ ಸಲಹೆ ಇದೆ. ನಾವು ಹೇಳಿದ್ದಲ್ಲ, ರೂಮ್ ಹೇಳಿದ್ದು.”

ಎರರ್ ಮೆಸೇಜ್ ಎರಡು ದಾರಿ ಹೇಳುತ್ತದೆ. ಮೊದಲನೆಯದೇ ಮೈಗ್ರೇಶನ್ ಬರೆಯಿರಿ ಅನ್ನುವುದು. ಇವರು ತೋರಿಸಿದ್ದು ಎರಡನೆಯದು ಮಾತ್ರ. ಅದನ್ನೂ ಬರೆದೆ. ಆಗ ಬಂದ ಉತ್ತರ: “ಅದು ಡೆವಲಪ್‌ಮೆಂಟ್‌ಗೆ. ಯೂಸರ್ ಇರೋ ಆ್ಯಪ್‌ಗೆ ಅದನ್ನ ಯಾರು ಹಾಕ್ತಾರೆ?”

ಯಾರು ಹಾಕ್ತಾರೆ! ಸ್ಟೋರ್‌ಗೆ ಬಿಡುವ ಆ್ಯಪ್‌ಗೆ ಅಂತಲೇ ಅಲ್ವಾ ಕೋರ್ಸ್ ಮಾರಿದ್ದು? ಇಷ್ಟು ಕೇಳಿದ ಮೇಲೆ ನನ್ನ ಮೆಸೇಜ್‌ಗಳೇ ಗ್ರೂಪ್‌ನಿಂದ ಮಾಯವಾದವು. ಸಪೋರ್ಟ್‌ನಿಂದ ಒಂದು ಮೇಲ್ ಬಂತು: “ಮೈಗ್ರೇಶನ್ ಟಾಪಿಕ್ ನಮ್ಮ ಅಡ್ವಾನ್ಸ್ಡ್ ಕೋರ್ಸ್‌ನಲ್ಲಿ ಪೂರ್ತಿ ಕವರ್ ಆಗಿದೆ. ನೀವು ಈಗಾಗಲೇ ನಮ್ಮ ಸ್ಟೂಡೆಂಟ್ ಆದ್ದರಿಂದ ವಿಶೇಷ ರಿಯಾಯಿತಿ ಇದೆ.”

ಆ ಮೇಲ್ ನೋಡಿದಾಗ ಮೈ ಉರಿದು ಹೋಯಿತು. ಅಂದರೆ ಇವರಿಗೆ ಮೊದಲಿಂದಲೂ ಗೊತ್ತಿತ್ತು. ಸರಿಯಾದ ವಿಧಾನ ಗೊತ್ತಿತ್ತು, ಈ ಸಾಲು ಏನು ಮಾಡುತ್ತದೆ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಅಪಾಯದ ದಾರಿಯನ್ನು ಒಂದು ಕೋರ್ಸ್‌ನಲ್ಲಿ ಮಾರಿ, ಅದರಿಂದ ಬಚಾವಾಗುವ ದಾರಿಯನ್ನು ಇನ್ನೊಂದರಲ್ಲಿ ಇಟ್ಟಿದ್ದರು. ದುಡ್ಡು ವಾಪಸ್ ಕೇಳಿದರೆ, “ಕಾಲು ಭಾಗಕ್ಕಿಂತ ಜಾಸ್ತಿ ವಿಡಿಯೊ ನೋಡಿದ್ದೀರಿ, ರೀಫಂಡ್ ಬರಲ್ಲ.”

ಆಮೇಲೆ ಅವರ ಉಳಿದ ಟ್ರಿಕ್‌ಗಳನ್ನೂ ಕೆದಕಿ ನೋಡಿದೆ. ಎಲ್ಲವೂ ಇದೇ ಜಾತಿ, ಎರರ್‌ನ ಬಾಯಿ ಮುಚ್ಚಿಸುವುದು. ಮೇನ್ ಥ್ರೆಡ್‌ನಲ್ಲಿ (ಸ್ಕ್ರೀನ್ ನೋಡಿಕೊಳ್ಳುವ ಥ್ರೆಡ್) ನೆಟ್‌ವರ್ಕ್ ಕರೆದರೆ ಎಕ್ಸೆಪ್ಶನ್ ಬರುತ್ತಾ? ಇಂಥ ತಪ್ಪು ಹಿಡಿಯುವ ಸ್ಟ್ರಿಕ್ಟ್‌ಮೋಡ್‌ನಲ್ಲಿ ‘ಪರ್ಮಿಟ್ ಆಲ್’ ಹಾಕಿ ಅನ್ನುತ್ತಾರೆ. ನೆಟ್ ನಿಧಾನ ಇದ್ದು, ಸ್ಕ್ರೀನ್ ಮುಟ್ಟಿದ 5 ಸೆಕೆಂಡ್ ಒಳಗೆ ಆ್ಯಪ್ ಸ್ಪಂದಿಸದಿದ್ದರೆ ‘ಆ್ಯಪ್ ಈಸ್ ನಾಟ್ ರೆಸ್ಪಾಂಡಿಂಗ್’ ಬರುತ್ತದೆ, ಅದನ್ನು ಹೇಳುವುದಿಲ್ಲ. ಎಪಿಐ ಕೀಯನ್ನು (ಬೇರೆ ಸರ್ವಿಸ್ ಬಳಸಲು ಬೇಕಾದ ಕೋಡ್) ಸ್ಟ್ರಿಂಗ್ಸ್ ಫೈಲ್‌ನಲ್ಲಿಡಿ, ಆರ್8 (ಕೋಡ್ ಕುಗ್ಗಿಸುವ ಟೂಲ್) ಆನ್ ಮಾಡಿದರೆ ಯಾರಿಗೂ ಕಾಣಲ್ಲ ಅನ್ನುತ್ತಾರೆ. ಸುಳ್ಳು. ಆರ್8 ಬದಲಿಸುವುದು ಕ್ಲಾಸ್, ಮೆಥಡ್‌ಗಳ ಹೆಸರನ್ನು. ಸ್ಟ್ರಿಂಗ್ ಹಾಗೇ ಇರುತ್ತದೆ. ಎಪಿಕೆಯನ್ನು (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಜಾಡೆಕ್ಸ್ ಅನ್ನುವ ಟೂಲ್‌ನಲ್ಲಿ ತೆರೆದರೆ ಯಾರು ಬೇಕಾದರೂ ಓದಬಹುದು. ಗುಟ್ಟಾಗಿರಬೇಕಾದ ಕೀ ಸರ್ವರ್‌ನಲ್ಲೇ ಇರಲಿ.

ಯಾವುದೇ ‘ಪ್ರಾಕ್ಟಿಕಲ್’ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಹಳೆಯ ಯೂಸರ್‌ಗಳ ಡೇಟಾ ಉಳಿಸಿಕೊಂಡು ಟೇಬಲ್ ಬದಲಿಸುವುದು ಯಾವ ಪಾಠದಲ್ಲಿದೆ? ಅಡ್ವಾನ್ಸ್ಡ್‌ನಲ್ಲಿದೆ ಅಂದರೆ ಕಟ್ಟಬೇಡಿ. ಅಪ್‌ಡೇಟ್ ಬಿಡುವ ಮುಂಚೆ ಈಗ ಸ್ಟೋರ್‌ನಲ್ಲಿರುವ ವರ್ಷನ್ ಹಾಕಿ, ಅದರಲ್ಲಿ ನಾಲ್ಕು ನೋಟ್ ಬರೆಯಿರಿ. ಅನ್‌ಇನ್‌ಸ್ಟಾಲ್ ಮಾಡದೆ, ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್ ಟ್ರ್ಯಾಕ್‌ನಿಂದ (ಟೆಸ್ಟರ್‌ಗಳಿಗೆ ಮಾತ್ರ ಬಿಡುವ ದಾರಿ) ಹೊಸದನ್ನು ಅದರ ಮೇಲೇ ಹಾಕಿ ತೆರೆದು ನೋಡಿ. ಇಷ್ಟು ಮಾಡಿ ಅಂತ ಆ ಕೋರ್ಸ್‌ನ ಒಂದು ವಿಡಿಯೊದಲ್ಲೂ ಹೇಳಲಿಲ್ಲ.